ಬ್ಲೂಸ್ ರಾಕ್ ಹುಡುಕಿಕೊಂಡು ಮಿಸಿಸಿಪ್ಪಿಗೆ

ಗುರುವಾರ: ಅಟ್ಲಾಂಟಾದಿಂದ ಶೆಫೀಲ್ಡ್

2000ದ ಆಸುಪಾಸಿನಲ್ಲಿ ರಾಕ್ ಸಂಗೀತಕ್ಕೆ ಹಳೆಯ ಬ್ಲೂಸಿನ, ಅಂದರೆ ಅಮೆರಿಕದ ದಕ್ಷಿಣದ ಕರಿಯ ಜನ ಕಟ್ಟಿದ ಹಾಡುಗಾರಿಕೆಯ, ಗಾಳಿ ಮತ್ತೆ ಬೀಸಿತು. ಡೆಟ್ರಾಯ್ಟ್‌ನಿಂದ ವೈಟ್ ಸ್ಟ್ರೈಪ್ಸ್ ಬಂದರು, ಒಹಾಯೋದ ಆಕ್ರನ್‌ನಿಂದ ಬ್ಲ್ಯಾಕ್ ಕೀಸ್ ಬಂದರು. ಎರಡೂ ಬ್ಯಾಂಡಿನಲ್ಲಿ ಇಬ್ಬಿಬ್ಬರೇ. ಒಂದು ಗಿಟಾರ್, ಒಂದು ಡ್ರಮ್ಸ್, ಬೇಸ್ ಗಿಟಾರ್ ಇಲ್ಲವೇ ಇಲ್ಲ. ಇಷ್ಟು ಕಡಿಮೆ ಸಾಮಾನು ಇಟ್ಟುಕೊಂಡು ಇಷ್ಟು ದೊಡ್ಡ ಸದ್ದು ಮಾಡುವ ಧೈರ್ಯ ಇವರಿಗೆ ಎಲ್ಲಿಂದ ಬಂತು ಅಂತ ನನಗೆ ಬಹಳ ದಿನದ ಕುತೂಹಲ. ಅವರ ರೆಕಾರ್ಡುಗಳ ಹಿಂದೆ ಅಚ್ಚಾದ ಹೆಸರುಗಳನ್ನು ಓದುತ್ತಾ ಹೋದರೆ ಕೆಲವೇ ಬ್ಲೂಸ್ ಹಾಡುಗಾರರ ಹೆಸರು ಮತ್ತೆ ಮತ್ತೆ ಸಿಗುತ್ತವೆ: ಜೂನಿಯರ್ ಕಿಂಬ್ರೋ, ಆರ್.ಎಲ್. ಬರ್ನ್‌ಸೈಡ್, ಫ್ರೆಡ್ ಮೆಕ್‌ಡೊವೆಲ್, ಸನ್ ಹೌಸ್. ಇವರಲ್ಲಿ ಮೊದಲ ಮೂವರು ಉತ್ತರ ಮಿಸಿಸಿಪ್ಪಿಯಲ್ಲಿ, ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಕಾರಿನಲ್ಲಿ ಒಂದು ಗಂಟೆಯೂ ಆಗದಷ್ಟು ಹತ್ತಿರ ಬದುಕಿದವರು. ಅದಕ್ಕೇ ಈ ಪ್ರವಾಸ.

ಜೊತೆಗೆ ಬಂದವನು ನನ್ನ ಚಿಕ್ಕಪ್ಪನ ಮಗ. ಅಟ್ಲಾಂಟಾದಲ್ಲಿ ಕೆಲಸ, ವಾರಕ್ಕೊಮ್ಮೆ ಗೆಳೆಯರ ಜೊತೆ ಡ್ರಮ್ಸ್ ಬಾರಿಸುತ್ತಾನೆ. ಅವನ ಹೆಂಡತಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಿದ್ದಳು. ಮಾಂಸ ತಿನ್ನದ ನಮಗೆ ಆ ಡಬ್ಬಿ ದಾರಿಯುದ್ದಕ್ಕೂ ಆಸರೆಯಾಯಿತು.

ಅಲಬಾಮಾ ಗಡಿ ದಾಟಿದರೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಹಾಗಾಗಿ ಮಧ್ಯಾಹ್ನವೇ ಶೆಫೀಲ್ಡ್ ತಲುಪಿದೆವು. 3614 ಜಾಕ್ಸನ್ ಹೈವೇ, ಮಸಲ್ ಶೋಲ್ಸ್ ಸೌಂಡ್ ಸ್ಟುಡಿಯೋ. ಹೊರಗಿನಿಂದ ನೋಡಿದರೆ ಗೋದಾಮು ಅನ್ನಬೇಕು, ಅಷ್ಟು ಚಿಕ್ಕದು. 1969ರಲ್ಲಿ ಇಲ್ಲಿನ ನಾಲ್ವರು ವಾದ್ಯಗಾರರು ಸೇರಿ ಶುರು ಮಾಡಿದ್ದು. ಅದೇ ವರ್ಷ ಡಿಸೆಂಬರಿನಲ್ಲಿ ಬ್ರಿಟನ್ನಿನ ರಾಕ್ ಬ್ಯಾಂಡ್ ರೋಲಿಂಗ್ ಸ್ಟೋನ್ಸ್ ಬಂದು ಮೂರು ಹಾಡು ರೆಕಾರ್ಡ್ ಮಾಡಿ ಹೋದರು. ಅವುಗಳಲ್ಲಿ ಎರಡು ಜಗತ್ತಿಗೆಲ್ಲಾ ಗೊತ್ತು. ಮೂರನೆಯದು ಫ್ರೆಡ್ ಮೆಕ್‌ಡೊವೆಲ್ ಹಾಡುತ್ತಿದ್ದ ‘ಯೂ ಗಾಟಾ ಮೂವ್’. ನನಗೆ ಅದೇ ಮುಖ್ಯ, ಅದರ ಮಾತು ಭಾನುವಾರಕ್ಕೆ ಬರುತ್ತದೆ.

2009ರಲ್ಲಿ ಬ್ಲ್ಯಾಕ್ ಕೀಸ್ ಇಲ್ಲಿಗೆ ಬಂದಾಗ ಒಳಗೆ ಕೆಲಸಕ್ಕೆ ಬರುವ ಸ್ಟುಡಿಯೋ ಇರಲೇ ಇಲ್ಲ. ಯಂತ್ರಗಳನ್ನು ಹೊರಗಿನಿಂದ ಹೊತ್ತು ತಂದು, ಗೋಡೆಗಳ ಮಧ್ಯೆ ಕೂತು ‘ಬ್ರದರ್ಸ್’ ಆಲ್ಬಂನ ಬಹುಪಾಲು ಮಾಡಿದರು. 2010ರಲ್ಲಿ ಅದು ಹೊರಬಂತು, ಮುಂದಿನ ವರ್ಷ ಮೂರು ಗ್ರ್ಯಾಮಿ ತಂದುಕೊಟ್ಟಿತು. ಕಟ್ಟಡ ಈಗ ರಿಪೇರಿಯಾಗಿ ಮ್ಯೂಸಿಯಂ ಆಗಿದೆ. ಕೋಣೆ ನಡುವೆ ನಿಂತು ತಮ್ಮ ಒಂದು ಚಪ್ಪಾಳೆ ತಟ್ಟಿದ. ಸದ್ದು ಗೋಡೆಗೆ ಬಡಿದು ವಾಪಸು ಬರಲಿಲ್ಲ, ಅಲ್ಲೇ ಅಡಗಿತು. ಚಾವಣಿ ತಗ್ಗು. ಡ್ರಮ್ಸ್ ಇಲ್ಲಿ ಕಿವಿಗೆ ತೀರಾ ಹತ್ತಿರ ಕೇಳುತ್ತದೆ, ಒಣಗಿದಂತೆ. ‘ಬ್ರದರ್ಸ್’ ಕೇಳಿದವರಿಗೆ ಆ ಸದ್ದು ಗೊತ್ತು.

ರಾತ್ರಿ ಮೋಟೆಲ್‌ನಲ್ಲಿ ಏಸಿ ಕೆಟ್ಟಿತ್ತು. ಜೂನ್ ಕೊನೆಯ ಅಲಬಾಮಾ ಸೆಖೆ. ಹೇಗೋ ಬೆಳಗಾಯಿತು.

ಶುಕ್ರವಾರ: ಆಕ್ಸ್‌ಫರ್ಡ್, ಚುಲಹೋಮಾ

ಟುಪೆಲೋ ಮೇಲೆ ಬಂದೆವು. ಎಲ್ವಿಸ್ ಹುಟ್ಟಿದೂರು, ನಾವು ಇಳಿಯಲಿಲ್ಲ. ಆಕ್ಸ್‌ಫರ್ಡ್ ಯೂನಿವರ್ಸಿಟಿ ಊರು, ಚೊಕ್ಕಟವಾಗಿದೆ. ಇಲ್ಲಿನ ವಿಶ್ವವಿದ್ಯಾಲಯದಲ್ಲಿ 1984ರಿಂದ ಬ್ಲೂಸ್ ಆರ್ಕೈವ್ ಇದೆ, ಬ್ಲೂಸ್ ಗಿಟಾರ್ ವಾದಕ ಬಿ.ಬಿ. ಕಿಂಗ್ ತಮ್ಮ ಸ್ವಂತ ರೆಕಾರ್ಡ್ ಸಂಗ್ರಹವನ್ನು ಇದಕ್ಕೇ ಕೊಟ್ಟರು.

ಆದರೆ ನಮ್ಮ ಕಥೆಗೆ ಬೇಕಾದ ಆಕ್ಸ್‌ಫರ್ಡ್ ಬೇರೆ. 90ರ ದಶಕದ ಶುರುವಿನಲ್ಲಿ ಇಲ್ಲಿ ಫ್ಯಾಟ್ ಪಾಸಮ್ ಅನ್ನುವ ಪುಟ್ಟ ರೆಕಾರ್ಡ್ ಕಂಪನಿ ಹುಟ್ಟಿತು. ಪಕ್ಕದ ಹಳ್ಳಿಗಳಲ್ಲಿ ವಾರವಿಡೀ ಟ್ರ್ಯಾಕ್ಟರ್ ಓಡಿಸಿ, ಹೊಲದಲ್ಲಿ ದುಡಿದು, ವಾರದ ಕೊನೆಗೆ ಗಿಟಾರ್ ನುಡಿಸುತ್ತಿದ್ದ ವಯಸ್ಸಾದವರನ್ನು ರೆಕಾರ್ಡ್ ಮಾಡಿತು. ಕಿಂಬ್ರೋ ಅವರ ‘ಆಲ್ ನೈಟ್ ಲಾಂಗ್’ 1992ರಲ್ಲಿ ಬಂದಾಗ ಅವರಿಗೆ ಅರವತ್ತು ದಾಟಿತ್ತು. 1996ರಲ್ಲಿ ನ್ಯೂಯಾರ್ಕಿನ ಜಾನ್ ಸ್ಪೆನ್ಸರ್ ಬ್ಲೂಸ್ ಎಕ್ಸ್‌ಪ್ಲೋಶನ್ ಬ್ಯಾಂಡಿನವರು ಬಂದು, ಹೋಲಿ ಸ್ಪ್ರಿಂಗ್ಸ್ ಕಡೆಯ ಒಂದು ಬೇಟೆ ಬಂಗಲೆಯಲ್ಲಿ ಕೂತು, ಬರ್ನ್‌ಸೈಡ್ ಜೊತೆ ಒಂದೇ ಮಧ್ಯಾಹ್ನದಲ್ಲಿ ಆಲ್ಬಂ ಮುಗಿಸಿದರು. ಕಾಲೇಜಿನ ರಾಕ್ ಹುಡುಗರ ಕಿವಿಗೆ ಈ ಸದ್ದು ಬಿದ್ದದ್ದು ಹೆಚ್ಚಾಗಿ ಅಲ್ಲಿಂದ.

ಇದನ್ನು ನಾನು ಒತ್ತಿ ಹೇಳಬೇಕು. 60ರ ದಶಕದಲ್ಲಿ ಬ್ರಿಟನ್ನಿನ ಹುಡುಗರು ಬ್ಲೂಸ್ ಕಲಿತದ್ದು ಹೆಚ್ಚಾಗಿ ಹಡಗಿನಲ್ಲಿ ಬಂದ ರೆಕಾರ್ಡುಗಳಿಂದ. 90ರ ದಶಕದ ಕಥೆ ಹಾಗಲ್ಲ. ಕಲಿಸುವವರು ಬದುಕಿದ್ದರು, ಶನಿವಾರ-ಭಾನುವಾರ ಬಾಗಿಲು ತೆರೆದಿರುತ್ತಿತ್ತು, ಕಾರು ಹತ್ತಿ ಹೋದರೆ ಎದುರಿಗೇ ಕೂತು ಕೇಳಬಹುದಿತ್ತು. ಬ್ಲ್ಯಾಕ್ ಕೀಸ್‌ನ ಡ್ಯಾನ್ ಆವರ್‌ಬಾಕ್ ಕಾಲೇಜು ಬಿಟ್ಟದ್ದಕ್ಕೆ ಕಿಂಬ್ರೋ ರೆಕಾರ್ಡುಗಳ ಹುಚ್ಚೂ ಕಾರಣ ಅಂತ ತಾವೇ ಹೇಳಿಕೊಂಡಿದ್ದಾರೆ. ಬ್ಲ್ಯಾಕ್ ಕೀಸ್‌ನ ಎರಡನೇ ಆಲ್ಬಂ 2003ರಲ್ಲಿ ಬಂದದ್ದು ಇದೇ ಫ್ಯಾಟ್ ಪಾಸಮ್‌ನಿಂದ.

ಸಂಜೆ ಹೋಲಿ ಸ್ಪ್ರಿಂಗ್ಸ್‌ನಿಂದ ಹೈವೇ 4 ಹಿಡಿದು ಚುಲಹೋಮಾಗೆ ಹೋದೆವು. ಏರು ತಗ್ಗಿನ ರಸ್ತೆ, ಎರಡೂ ಕಡೆ ಕುಡ್ಜು ಬಳ್ಳಿ ಮರಗಳನ್ನು ಪೂರ್ತಿ ಮುಚ್ಚಿಬಿಟ್ಟಿದೆ. ಜೂನಿಯರ್ ಕಿಂಬ್ರೋ ಅವರ ಜೂಕ್ ಜಾಯಿಂಟ್ ಇದ್ದದ್ದು ಈ ರಸ್ತೆ ಪಕ್ಕ. ಜೂಕ್ ಜಾಯಿಂಟ್ ಅಂದರೆ ಹಳ್ಳಿಯ ಕರಿಯ ಜನ ವಾರದ ದುಡಿಮೆ ಮುಗಿಸಿ ಕುಡಿಯಲು, ಕುಣಿಯಲು ಸೇರುವ ಮನೆ. ಭಾನುವಾರ ರಾತ್ರಿ ಅವರೂ ಮಕ್ಕಳೂ ಬರ್ನ್‌ಸೈಡ್ ಮನೆಯವರೂ ಸೇರಿ ನುಡಿಸುತ್ತಿದ್ದರು. 1998ರಲ್ಲಿ ಕಿಂಬ್ರೋ ತೀರಿಕೊಂಡರು, 2000ದಲ್ಲಿ ಮನೆಗೆ ಬೆಂಕಿ ಬಿತ್ತು. ಈಗ ಅಲ್ಲಿ ನೋಡಲು ಏನೂ ಇಲ್ಲ, ಬರೀ ಹುಲ್ಲು. ಅವರ ಸಮಾಧಿ ಕಲ್ಲಿನ ಮೇಲೆ ‘ಎಲ್ಲ ಸಂಗೀತದ ಆದಿ ಮತ್ತು ಅಂತ್ಯ’ ಎಂಬ ಅರ್ಥದ ಮಾತು ಕೆತ್ತಿದೆ. ಹೇಳಿದವರು ರಾಕಬಿಲಿ ಹಾಡುಗಾರ ಚಾರ್ಲಿ ಫೆದರ್ಸ್. ಅವರು ಗಿಟಾರ್ ಕಲಿತದ್ದು ಕಿಂಬ್ರೋ ಅವರಿಂದಲೇ.

2006ರಲ್ಲಿ ಬ್ಲ್ಯಾಕ್ ಕೀಸ್ ಬರೀ ಕಿಂಬ್ರೋ ಹಾಡುಗಳ ಒಂದು ಸಣ್ಣ ರೆಕಾರ್ಡ್ ಮಾಡಿ ಅದಕ್ಕೆ ‘ಚುಲಹೋಮಾ’ ಅಂತಲೇ ಹೆಸರಿಟ್ಟರು. ಅದರ ಕೊನೆಯಲ್ಲಿ ಕಿಂಬ್ರೋ ಅವರ ಹೆಂಡತಿ ಫೋನಿನಲ್ಲಿ ಬಿಟ್ಟ ಮೆಸೇಜ್ ಇದೆ, ಹುಡುಗರು ಗಂಡನ ಹಾಡನ್ನು ನುಡಿಸಿದ ರೀತಿ ಮೆಚ್ಚಿ. ಕಾರು ನಿಲ್ಲಿಸಿ ಅದನ್ನು ಇಡಿಯಾಗಿ ಕೇಳಿದೆವು. ತಮ್ಮ ಸ್ಟಿಯರಿಂಗ್ ಮೇಲೆ ತಾಳ ಹಾಕುತ್ತಿದ್ದವನು ಆ ಮೆಸೇಜ್ ಬಂದಾಗ ಕೈ ನಿಲ್ಲಿಸಿದ. “ಅಣ್ಣಾ, ಯಾವ ಪ್ರಶಸ್ತಿ ಬಂದರೂ ಇದರ ಮುಂದ ಏನೂ ಅಲ್ಲ ನೋಡು,” ಅಂದ. ನನಗೂ ಹಾಗೇ ಅನಿಸಿತು.

ಶನಿವಾರ: ವಾಟರ್‌ಫರ್ಡ್ ಪಿಕ್‌ನಿಕ್

ಈ ಪ್ರವಾಸದ ದಿನ ಗೊತ್ತುಮಾಡಿದ್ದೇ ಇದಕ್ಕಾಗಿ. ಆಕ್ಸ್‌ಫರ್ಡ್ ಮತ್ತು ಹೋಲಿ ಸ್ಪ್ರಿಂಗ್ಸ್ ನಡುವಿನ ವಾಟರ್‌ಫರ್ಡ್‌ನಲ್ಲಿ ಜೂನ್ ಕೊನೆಯ ವಾರಾಂತ್ಯ ನಾರ್ತ್ ಮಿಸಿಸಿಪ್ಪಿ ಹಿಲ್ ಕಂಟ್ರಿ ಪಿಕ್‌ನಿಕ್ ನಡೆಯುತ್ತದೆ. 2006ರಿಂದ ಇದನ್ನು ಮಾಡುತ್ತಾ ಬಂದವರು ಕೆನ್ನಿ ಬ್ರೌನ್. ಬಿಳಿಯರ ಮನೆಯ ಹುಡುಗ, ಚಿಕ್ಕಂದಿನಲ್ಲಿ ಪಕ್ಕದ ಮನೆಯ ಜೋ ಕ್ಯಾಲಿಕಟ್ ಅವರಿಂದ ಗಿಟಾರ್ ಕಲಿತು, ಆಮೇಲೆ ಬರ್ನ್‌ಸೈಡ್ ಜೊತೆ ದಶಕಗಟ್ಟಲೆ ನುಡಿಸಿದವರು. ಕೆನ್ನಿಯನ್ನು ಬರ್ನ್‌ಸೈಡ್ ಸಾಕುಮಗ ಅಂತಲೇ ಕರೆಯುತ್ತಿದ್ದರು.

ಬಯಲು, ಒಂದು ವೇದಿಕೆ, ಮಡಚುವ ಕುರ್ಚಿಗಳು, ಐಸ್ ತುಂಬಿದ ಡಬ್ಬಗಳು. ಬೆವರಿನಲ್ಲಿ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ನಾವು ಬೇಯಿಸಿದ ಕಡಲೆಕಾಯಿ ಕೊಂಡು ಮರದ ನೆರಳಲ್ಲಿ ಕೂತೆವು. ಒಂದಾದ ಮೇಲೊಂದು ತಂಡ ಬರುತ್ತದೆ, ಬಂದವರ ಹೆಸರಿನಲ್ಲಿ ಬರ್ನ್‌ಸೈಡ್ ಅಥವಾ ಕಿಂಬ್ರೋ ಇದ್ದೇ ಇರುತ್ತದೆ. ಮಗ, ಮೊಮ್ಮಗ, ಮೊಮ್ಮಗನ ದೋಸ್ತ. ಸ್ಟೇಜಿನ ಮೇಲಿಂದ ಇಳಿದವರು ಹಾಗೇ ಬಂದು ಜನರ ನಡುವೆ ಕುಣಿಯುತ್ತಾರೆ.

ಸಾಮಾನ್ಯ ಬ್ಲೂಸ್ ಹಾಡಿನಲ್ಲಿ ಹನ್ನೆರಡು ಬಾರ್‌ಗಳ, ಅಂದರೆ ಹನ್ನೆರಡು ತಾಳದ ಆವರ್ತಗಳ, ಸುತ್ತು ಇರುತ್ತದೆ. ಮೂರು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಗೊತ್ತಾದ ಜಾಗದಲ್ಲಿ ಬದಲಾಗಿ ಮತ್ತೆ ಮೊದಲಿಗೆ ಬರುತ್ತವೆ. ಈ ಗುಡ್ಡದ ಕಡೆಯ ಬ್ಲೂಸಿನಲ್ಲಿ ಆ ಸುತ್ತು ಇಲ್ಲ. ಎಷ್ಟೋ ಹಾಡು ಒಂದೇ ಕಾರ್ಡಿನ ಮೇಲೆ ನಿಂತುಬಿಡುತ್ತದೆ. ನಮ್ಮ ಕಡೆ ತತ್ವಪದ ಹಾಡುವವರ ಏಕತಾರಿ ಒಂದೇ ಶ್ರುತಿಯನ್ನು ಬಿಡದೆ ಮಿಡಿಯುತ್ತಿರುತ್ತದಲ್ಲ, ಹಾಗೆ ಕೆಳಗಿನ ತಂತಿ ಮಿಡಿಯುತ್ತಲೇ ಇರುತ್ತದೆ, ಮೇಲಿನ ತಂತಿಗಳಲ್ಲಿ ಸಣ್ಣ ಸ್ವರಗುಚ್ಛ ಮತ್ತೆ ಮತ್ತೆ ಬರುತ್ತದೆ. ಹಾಡಿಗೆ ಇಷ್ಟೇ ಉದ್ದ ಅಂತ ಇಲ್ಲ. ಕುಣಿಯುವವರು ನಿಲ್ಲುವ ತನಕ ಹಾಡು. ಕೆಳಗಿನ ದನಿಯನ್ನು ಗಿಟಾರೇ ಹಿಡಿದುಕೊಂಡಿರುವಾಗ ಬೇಸ್ ಗಿಟಾರ್ ಇಲ್ಲದಿದ್ದರೂ ನಡೆಯುತ್ತದೆ. ಬರ್ನ್‌ಸೈಡ್ ತಂಡದಲ್ಲಿ ಇದ್ದದ್ದು ಅವರು, ಕೆನ್ನಿ ಬ್ರೌನ್, ಡ್ರಮ್ಸ್ ಮೇಲೆ ಮೊಮ್ಮಗ ಸೆಡ್ರಿಕ್, ಅಷ್ಟೇ. ಎರಡು ಗಿಟಾರ್, ಒಂದು ಡ್ರಮ್ಸ್. ಬ್ಲ್ಯಾಕ್ ಕೀಸ್ ಎಲ್ಲಿಂದ ಬಂದರು ಅನ್ನುವುದು ಇಲ್ಲಿ ಕೂತರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ತಮ್ಮ ಮಾತ್ರ ಇಡೀ ದಿನ ಗಿಟಾರಿನ ಕಡೆ ನೋಡಲೇ ಇಲ್ಲ. ಅವನ ಕಣ್ಣು ಡ್ರಮ್ಮರ್‌ಗಳ ಕಾಲಿನ ಮೇಲೆ. “ಅಣ್ಣಾ, ಇವರು ರಾಕ್‌ನವರಂಗ ಸ್ನೇರ್ ಮ್ಯಾಲೆ ಭಾರ ಹಾಕೂದಿಲ್ಲ. ಮೆರವಣಿಗಿ ಹೊಂಟಂಗ ಬಾರಸ್ತಾರ,” ಅಂದ. ಸರಿಯಾಗಿ ಹಿಡಿದಿದ್ದ. ಈ ಸೀಮೆಯಲ್ಲಿ ಗಿಟಾರ್ ಬ್ಲೂಸಿಗೂ ಹಳೆಯದಾದ ಒಂದು ಸಂಗೀತ ಇದೆ. ಜೊಂಡಿನ ಕೊಳಲು ಮತ್ತು ಹೆಗಲಿಗೆ ಹಾಕಿಕೊಂಡ ಡ್ರಮ್ಮುಗಳು, ಬಯಲಲ್ಲಿ ಸುತ್ತು ಬರುತ್ತಾ ನುಡಿಸುವುದು. ಸೆನಟೋಬಿಯಾ ಹತ್ತಿರದ ಒಥಾ ಟರ್ನರ್ ಅದನ್ನು ಕೊನೆಯವರೆಗೂ ಉಳಿಸಿಕೊಂಡವರು, ಕೊಳಲನ್ನು ತಾವೇ ಮಾಡಿಕೊಳ್ಳುತ್ತಿದ್ದರು. 1998ರಲ್ಲಿ ಅವರ ಆಲ್ಬಂ ಮಾಡಿದವರು ಲೂಥರ್ ಡಿಕಿನ್ಸನ್. ಅದೇ ಲೂಥರ್ ತಮ್ಮ ಕೋಡಿ ಜೊತೆ ಕಟ್ಟಿದ ನಾರ್ತ್ ಮಿಸಿಸಿಪ್ಪಿ ಆಲ್‌ಸ್ಟಾರ್ಸ್ 2000ದಲ್ಲಿ ಮೊದಲ ಆಲ್ಬಂ ತಂದಿತು. ಈ ಹಾಡುಗಳನ್ನೇ ಜೋರು ರಾಕ್ ಮಾಡಿ ನುಡಿಸಿತು. ಟರ್ನರ್ 2003ರಲ್ಲಿ ತೀರಿಕೊಂಡಾಗ ಶವದ ಮುಂದೆ ಕೊಳಲು ನುಡಿಸುತ್ತಾ ನಡೆದವಳು ಹನ್ನೆರಡು-ಹದಿಮೂರರ ಮೊಮ್ಮಗಳು ಶಾರ್ಡೆ ಥಾಮಸ್. ಇವತ್ತು ಆ ತಂಡ ಅವರದೇ.

ರಾತ್ರಿ ಎಷ್ಟು ಹೊತ್ತಾದರೂ ಏಳಲು ಮನಸ್ಸೇ ಬರಲಿಲ್ಲ. ಧೂಳು, ಸೆಖೆ, ಸೊಳ್ಳೆ, ಯಾವುದೂ ಲೆಕ್ಕಕ್ಕೆ ಬರಲಿಲ್ಲ. ನನ್ನ ಪಾಲಿಗೆ ದೊಡ್ಡ ಸ್ಟೇಡಿಯಂನ ಯಾವ ಕಛೇರಿಯೂ ಇದಕ್ಕೆ ಸಾಟಿಯಲ್ಲ.

ಭಾನುವಾರ: ಕೋಮೋ, ಕ್ಲಾರ್ಕ್ಸ್‌ಡೇಲ್

ಬೆಳಗ್ಗೆ ಕೋಮೋ ಕಡೆ. ಫ್ರೆಡ್ ಮೆಕ್‌ಡೊವೆಲ್ ಇಲ್ಲಿ ಹೊಲ ನೋಡಿಕೊಂಡು ಬದುಕಿದವರು. 1959ರಲ್ಲಿ ಜಾನಪದ ಹಾಡು ಸಂಗ್ರಹಿಸುತ್ತಿದ್ದ ಅಲನ್ ಲೋಮ್ಯಾಕ್ಸ್ ಬಂದು ರೆಕಾರ್ಡ್ ಮಾಡುವವರೆಗೆ ಅವರ ಹಾಡು ಈ ಸುತ್ತಿನ ಮನೆಗಳಿಗೆ ಮಾತ್ರ ಗೊತ್ತಿತ್ತು. ಬರ್ನ್‌ಸೈಡ್ ಇವರನ್ನು ನೋಡಿ ನೋಡಿಯೇ ಕಲಿತದ್ದು. ರೋಲಿಂಗ್ ಸ್ಟೋನ್ಸ್ ಅವರ ಹಾಡನ್ನು 1971ರ ಆಲ್ಬಂನಲ್ಲಿ ಹಾಕಿದಾಗ, ಅರ್ಹೂಲಿ ರೆಕಾರ್ಡ್ಸ್‌ನ ಕ್ರಿಸ್ ಸ್ಟ್ರಾಕ್ವಿಟ್ಸ್ ಪಟ್ಟು ಹಿಡಿದು ರಾಯಲ್ಟಿ ತರಿಸಿ ಮೆಕ್‌ಡೊವೆಲ್ ಕೈಗೆ ಕೊಟ್ಟರು. 1972ರಲ್ಲಿ ಅವರು ತೀರಿಕೊಂಡರು. ಸಮಾಧಿಯ ಕಲ್ಲಿನ ಮೇಲೆ ಅವರ ಹೆಸರೇ ತಪ್ಪಾಗಿ ಕೆತ್ತಿತ್ತು. 1993ರಲ್ಲಿ ಬಾನಿ ರೇಟ್ ದುಡ್ಡು ಕೊಟ್ಟು ಹೊಸ ಕಲ್ಲು ಹಾಕಿಸಿದರು. ಆಕೆ ಮೆಕ್‌ಡೊವೆಲ್ ಅವರಿಂದಲೇ ಸ್ಲೈಡ್ ಗಿಟಾರ್ (ತಂತಿಯ ಮೇಲೆ ಕೊಳವೆ ಜಾರಿಸಿ ನುಡಿಸುವುದು) ಕಲಿತ ಹಾಡುಗಾರ್ತಿ. ದುಡ್ಡೂ ಹೆಸರೂ ಸಿಗಬೇಕಾದವರಿಗೆ ಸಿಕ್ಕ ಇಂಥ ಉದಾಹರಣೆ ಈ ಚರಿತ್ರೆಯಲ್ಲಿ ಕಡಿಮೆ. ಸಿಗದವರ ಪಟ್ಟಿ ಬಹಳ ಉದ್ದ.

ಬೇಟ್ಸ್‌ವಿಲ್‌ನಿಂದ ಹೈವೇ 6ರಲ್ಲಿ ಪಶ್ಚಿಮಕ್ಕೆ ಹೋದರೆ ಗುಡ್ಡ ಇದ್ದಕ್ಕಿದ್ದಂತೆ ಮುಗಿಯುತ್ತದೆ. ಮುಂದೆ ಕಣ್ಣು ಹಾಯುವವರೆಗೂ ಸಪಾಟು ನೆಲ. ಇದು ಡೆಲ್ಟಾ. ಹತ್ತಿ, ಸೋಯಾ, ಮತ್ತೆ ಹತ್ತಿ. ಗದಗ ಸೀಮೆಯ ನಮಗೆ ಹತ್ತಿ ಹೊಲ ಹೊಸದಲ್ಲ, ಆದರೆ ಈ ನೆಲದ ಹತ್ತಿಗೂ ನಮ್ಮ ನೆಲಕ್ಕೂ ಹಳೆಯ ನಂಟಿದೆ. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ದಕ್ಷಿಣದಿಂದ ಹತ್ತಿ ಬೆಳೆಗಾರರನ್ನೂ ನ್ಯೂ ಆರ್ಲಿಯನ್ಸ್ ಬೀಜವನ್ನೂ ಕರೆಸಿ ಪ್ರಯೋಗ ಮಾಡಿತು. ಆ ಬೀಜ ಚೆನ್ನಾಗಿ ಹಿಡಿದದ್ದು ಧಾರವಾಡ ಜಿಲ್ಲೆಯಲ್ಲಿ, ‘ಧಾರವಾಡ-ಅಮೆರಿಕನ್’ ಅನ್ನುವ ತಳಿಯೇ ಆಯಿತು. ಇಲ್ಲಿ ಆ ಹತ್ತಿ ಬಿಡಿಸುತ್ತಿದ್ದವರು ಗುಲಾಮರು. ಈ ಸಂಗೀತ ಕಟ್ಟಿದವರು ಅವರ ಮಕ್ಕಳು, ಮೊಮ್ಮಕ್ಕಳು. ಅದು ನೆನಪಾಗಿ ಬಹಳ ದೂರ ಇಬ್ಬರೂ ಮಾತಾಡಲಿಲ್ಲ.

ಕ್ಲಾರ್ಕ್ಸ್‌ಡೇಲ್ ಪಕ್ಕದ ಹಾಪ್ಸನ್ ತೋಟದಲ್ಲಿ 1944ರಲ್ಲಿ ಬಿತ್ತನೆಯಿಂದ ಬೇಲ್ ಕಟ್ಟುವವರೆಗೆ ಪೂರ್ತಿ ಯಂತ್ರದಿಂದಲೇ ಹತ್ತಿ ಬೆಳೆದರು. ಹೊಲದಲ್ಲಿ ಕೆಲಸ ಕಡಿಮೆಯಾಯಿತು, ಜನ ರೈಲು ಹತ್ತಿ ಶಿಕಾಗೋಗೆ ಹೋಗುವುದು ಹೆಚ್ಚಾಯಿತು. ಬ್ಲೂಸ್ ಹಾಡುಗಾರ ಮಡ್ಡಿ ವಾಟರ್ಸ್ ಅದಕ್ಕೂ ಒಂದು ವರ್ಷ ಮೊದಲೇ ಹೊರಟಿದ್ದರು. ಅಲ್ಲಿ ಗಿಟಾರಿಗೆ ಕರೆಂಟು ಸಿಕ್ಕಿತು, ಮುಂದೆ ರಾಕ್ ಆಗಿದ್ದೆಲ್ಲಾ ಅದರ ಬಾಲ ಹಿಡಿದು ಬಂತು.

ಊರಲ್ಲಿ ಅರ್ಧ ಅಂಗಡಿಗಳು ಮುಚ್ಚಿವೆ. ಆದರೂ ವಾರದ ಯಾವ ರಾತ್ರಿ ಹೋದರೂ ಎಲ್ಲೋ ಒಂದು ಕಡೆ ಸಂಗೀತ ಇರುತ್ತದೆ, ಅದನ್ನು ಇವರು ಹಟದಿಂದ ನಡೆಸಿಕೊಂಡು ಬಂದಿದ್ದಾರೆ.

ಸೋಮವಾರ: ಮ್ಯೂಸಿಯಂ, ಡಾಕರಿ, ಬೆಂಟೋನಿಯಾ

ಡೆಲ್ಟಾ ಬ್ಲೂಸ್ ಮ್ಯೂಸಿಯಂ ಹಳೆಯ ರೈಲ್ವೆ ಗೂಡ್ಸ್ ಶೆಡ್‌ನಲ್ಲಿದೆ. ಸ್ಟೋವಲ್ ತೋಟದಲ್ಲಿ ಮಡ್ಡಿ ವಾಟರ್ಸ್ ಇದ್ದ ಮರದ ಮನೆಯ ಉಳಿದ ಭಾಗವನ್ನು ತಂದು ಒಳಗೆ ನಿಲ್ಲಿಸಿದ್ದಾರೆ. 1941ರಲ್ಲಿ ಲೋಮ್ಯಾಕ್ಸ್ ಬಂದು ಮಡ್ಡಿ ವಾಟರ್ಸ್ ಅವರನ್ನು ಮೊದಲ ಸಲ ರೆಕಾರ್ಡ್ ಮಾಡಿದ್ದು ಅದೇ ತೋಟದಲ್ಲಿ. ಎಲ್ಲರೂ ಅದರ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ.

ನನಗೆ ಅದಕ್ಕಿಂತ ಜಾಸ್ತಿ ಖುಷಿ ಕೊಟ್ಟದ್ದು ಈ ಮ್ಯೂಸಿಯಂ ಮಕ್ಕಳಿಗೆ ಬ್ಲೂಸ್ ಕಲಿಸುತ್ತದೆ ಅನ್ನುವುದು. 1999ರಲ್ಲಿ ಹುಟ್ಟಿದ ಕ್ರಿಸ್ಟೋನ್ ‘ಕಿಂಗ್‌ಫಿಶ್’ ಇಂಗ್ರಾಮ್ ಕಲಿತದ್ದು ಇಲ್ಲಿಯೇ. ಮ್ಯೂಸಿಯಂನ ಮಕ್ಕಳ ತಂಡದ ಜೊತೆ 2014ರಲ್ಲಿ ಶ್ವೇತಭವನದಲ್ಲಿ ನುಡಿಸಿದ್ದರು. ಅವರ ‘662’ ಆಲ್ಬಂಗೆ 2022ರಲ್ಲಿ ಗ್ರ್ಯಾಮಿ ಬಂತು. 662 ಅಂದರೆ ಉತ್ತರ ಮಿಸಿಸಿಪ್ಪಿಯ ಫೋನ್ ಕೋಡ್. ಅದೇ ವರ್ಷ ಸಾಂಪ್ರದಾಯಿಕ ಬ್ಲೂಸ್ ವಿಭಾಗದ ಗ್ರ್ಯಾಮಿ ಬಂದದ್ದು ಸೆಡ್ರಿಕ್ ಬರ್ನ್‌ಸೈಡ್ ಅವರಿಗೆ. ಒಂದೇ ಫೋನ್ ಕೋಡಿನ ಇಬ್ಬರಿಗೆ ಒಂದೇ ವರ್ಷ! ಬ್ಲೂಸ್ ರಾಕ್ ಮತ್ತೆ ಬಂತು ಅಂತ ಬರೆಯುವವರು ಬ್ಯಾಂಡ್ ಹುಡುಗರ ಹೆಸರು ಮಾತ್ರ ಬರೆದು ನಿಲ್ಲಿಸುವುದು ನನಗೆ ಹಿಡಿಸುವುದಿಲ್ಲ. ಬ್ಲ್ಯಾಕ್ ಕೀಸ್ ಅಂದರೆ ನನಗೆ ಪ್ರಾಣ, ಆದರೆ ಅವರು ಯಾರ ಮನೆಯ ಹಾಡು ಕಲಿತರೋ ಆ ಮನೆಗಳಲ್ಲಿ ಇವತ್ತೂ ನುಡಿಸುವವರು ಇದ್ದಾರೆ, ಸುಮ್ನೆ ಅಲ್ಲ, ಬಹಳ ಚೆನ್ನಾಗಿ ನುಡಿಸುತ್ತಾರೆ. ಆ ಬ್ಯಾಂಡ್ ಇದನ್ನು ಮರೆತಿಲ್ಲ ಅನ್ನುವುದೂ ನಿಜ. 2021ರ ‘ಡೆಲ್ಟಾ ಕ್ರೀಮ್’ ಪೂರ್ತಿ ಈ ಸೀಮೆಯ ಹಾಡುಗಳೇ. ನುಡಿಸಲು ಕೆನ್ನಿ ಬ್ರೌನ್ ಮತ್ತು ಕಿಂಬ್ರೋ ಜೊತೆ ಬೇಸ್ ನುಡಿಸಿದ್ದ ಎರಿಕ್ ಡೀಟನ್ ಅವರನ್ನೇ ಕರೆಸಿಕೊಂಡರು, ರಿಹರ್ಸಲ್ ಇಲ್ಲದೆ ಎರಡು ಮಧ್ಯಾಹ್ನದಲ್ಲಿ ಮುಗಿಸಿದರು.

ಡಾಕರಿ ತೋಟದಲ್ಲಿ ಸ್ವಲ್ಪ ಹೊತ್ತು. ಡೆಲ್ಟಾ ಬ್ಲೂಸಿನ ಹಿರಿಯ ಹಾಡುಗಾರ ಚಾರ್ಲಿ ಪ್ಯಾಟನ್ ಇದ್ದ ಜಾಗ, ಹತ್ತಿ ಜಿನ್ ಹಾಗೇ ನಿಂತಿದೆ. ಅಲ್ಲಿಂದ ದಕ್ಷಿಣಕ್ಕೆ, ಡೆಲ್ಟಾ ಮುಗಿದು ಮತ್ತೆ ಗುಡ್ಡ ಶುರುವಾಗುವ ಅಂಚಿನ ಬೆಂಟೋನಿಯಾ. ರೈಲು ಹಳಿ ಪಕ್ಕದಲ್ಲಿ ಬ್ಲೂ ಫ್ರಂಟ್ ಕೆಫೆ. ಜಿಮ್ಮಿ ‘ಡಕ್’ ಹೋಮ್ಸ್ ಅವರ ಅಪ್ಪ ಅಮ್ಮ 1948ರಲ್ಲಿ ತೆರೆದದ್ದು. ಮಿಸಿಸಿಪ್ಪಿಯಲ್ಲಿ ಉಳಿದಿರುವ ಅತ್ಯಂತ ಹಳೆಯ ಜೂಕ್ ಜಾಯಿಂಟ್ ಇದೇ ಅನ್ನುತ್ತಾರೆ. ಒಳಗೆ ಸಿಮೆಂಟ್ ನೆಲ, ನಾಲ್ಕಾರು ಮೇಜು, ಗೋಡೆ ತುಂಬಾ ಪೋಸ್ಟರು. ತಣ್ಣಗಿನ ಕೋಕ್ ತೆಗೆದುಕೊಂಡು ಕೂತೆವು.

ಈ ಊರಿನ ಗಿಟಾರ್ ಶ್ರುತಿಯೇ ಬೇರೆ. ಮೈನರ್ ಕಾರ್ಡಿಗೆ ಕಟ್ಟಿದ ತಂತಿಗಳು, ಬೆರಳು ಇಡದೆ ಮೀಟಿದರೂ ದುಃಖದ ದನಿ. ಹೆನ್ರಿ ಸ್ಟಕಿ ಅನ್ನುವವರಿಂದ ಸ್ಕಿಪ್ ಜೇಮ್ಸ್ ಕಲಿತರು, ಸ್ಟಕಿ ಮತ್ತು ಜಾಕ್ ಓವೆನ್ಸ್ ಅವರಿಂದ ಹೋಮ್ಸ್ ಕಲಿತರು. 1966ರಲ್ಲಿ ಬ್ರಿಟನ್ನಿನ ಕ್ರೀಮ್ ಬ್ಯಾಂಡ್ ಜೇಮ್ಸ್ ಅವರ ಒಂದು ಹಾಡನ್ನು ರೆಕಾರ್ಡ್ ಮಾಡಿತು. ಕ್ಯಾನ್ಸರ್‌ನಿಂದ ನರಳುತ್ತಿದ್ದ ಅವರ ಆಸ್ಪತ್ರೆ ಖರ್ಚಿಗೆ ಆ ರಾಯಲ್ಟಿ ಆಗಿಬಂತು. 2019ರಲ್ಲಿ ಡ್ಯಾನ್ ಆವರ್‌ಬಾಕ್ ಹೋಮ್ಸ್ ಅವರನ್ನು ನ್ಯಾಶ್‌ವಿಲ್‌ನ ತಮ್ಮ ಸ್ಟುಡಿಯೋಗೆ ಕರೆಸಿ ‘ಸೈಪ್ರೆಸ್ ಗ್ರೋವ್’ ಆಲ್ಬಂ ಮಾಡಿದರು. ಎಪ್ಪತ್ತು ದಾಟಿದ ಹೋಮ್ಸ್ ಗ್ರ್ಯಾಮಿ ನಾಮಿನೇಶನ್ ಪಡೆದರು. ಅದರಲ್ಲಿ ಹಿಂದಿನಿಂದ ಬರುವ ಎಲೆಕ್ಟ್ರಿಕ್ ಗಿಟಾರುಗಳು ಹೋಮ್ಸ್ ಅವರನ್ನು ಎಲ್ಲೂ ಮುಚ್ಚುವುದಿಲ್ಲ, ಅವರು ತಿರುಗಿದ ಕಡೆ ತಿರುಗುತ್ತವೆ. ಈ ಇಪ್ಪತ್ತೈದು ವರ್ಷದಲ್ಲಿ ಬಂದ ಬ್ಲೂಸ್ ರಾಕ್ ರೆಕಾರ್ಡುಗಳಲ್ಲಿ ಒಂದೇ ಒಂದನ್ನು ಇಟ್ಟುಕೋ ಅಂದರೆ ನಾನು ಇದನ್ನೇ ಇಟ್ಟುಕೊಳ್ಳುತ್ತೇನೆ.

ಮಂಗಳವಾರ: ವಾಪಸು

ಇಡೀ ದಿನ ಹೈವೇ. ಬರ್ಮಿಂಗ್‌ಹ್ಯಾಮ್ ತನಕ ‘ಸೈಪ್ರೆಸ್ ಗ್ರೋವ್’, ಆಮೇಲೆ ತಮ್ಮನ ಆಯ್ಕೆ, ಅಂದರೆ ಸೆಡ್ರಿಕ್ ಡ್ರಮ್ಸ್ ಬಾರಿಸಿದ ಹಳೆಯ ಬರ್ನ್‌ಸೈಡ್ ರೆಕಾರ್ಡುಗಳು. ಹೋಮ್ಸ್ ಮನೆಯವರು 1972ರಿಂದ ಬೆಂಟೋನಿಯಾದಲ್ಲಿ ನಡೆಸಿಕೊಂಡು ಬಂದ ಬ್ಲೂಸ್ ಹಬ್ಬ ಜೂನ್ ಮೂರನೇ ಶನಿವಾರದ ಹೊತ್ತಿಗೆ ಬರುತ್ತದೆ, ವಾಟರ್‌ಫರ್ಡ್ ಪಿಕ್‌ನಿಕ್ ಜೂನ್ ಕೊನೆಗೆ. “ನಡುವ ಒಂದು ವಾರ ರಜಾ ಹಾಕಿದರ ಎರಡೂ ಆಗ್ತಾವಲ್ಲೋ ಅಣ್ಣಾ,” ಅಂದ ತಮ್ಮ. ರೊಟ್ಟಿ ಡಬ್ಬಿ ಮಾತ್ರ ಮುಂದಿನ ಸಲ ಎರಡು ಬೇಕು.